ಪಾಠವೆಲ್ಲ ಚಾಲಕನಿಗೇ

ಕೆಲಸದ ಮೇಲೆ ಗಾಡಿ ಓಡಿಸುವವರ ಸುರಕ್ಷತೆ ಕಂಪನಿಗಳಿಗೆ ತಲೆನೋವಾದದ್ದು ಪರಿಹಾರದ ಖರ್ಚು ಏರಿದಾಗ. ಹಾರ್ವರ್ಡಿನಲ್ಲಿದ್ದ ಜರ್ಮನ್ ಮನೋವಿಜ್ಞಾನಿ ಹ್ಯೂಗೋ ಮುನ್‌ಸ್ಟರ್‌ಬರ್ಗ್ 1912ರ ಸುಮಾರಿಗೆ ಬಾಸ್ಟನ್ನಿನ ಟ್ರಾಮ್ ಚಾಲಕರನ್ನು ಪರೀಕ್ಷೆಗೆ ಕೂರಿಸಿದ. ಕೆಲವು ಅಮೆರಿಕನ್ ಟ್ರಾಮ್ ಕಂಪನಿಗಳ ಆದಾಯದಲ್ಲಿ ನೂರಕ್ಕೆ 13ರಷ್ಟು ಅಪಘಾತಗಳ ಪರಿಹಾರಕ್ಕೇ ಹೋಗುತ್ತಿತ್ತೆಂದು ಅವನೇ ಬರೆದಿದ್ದಾನೆ. ಅವನ ಪರೀಕ್ಷೆ ಸರಳವಾಗಿತ್ತು. ಉದ್ದನೆಯ ರಟ್ಟಿನ ನಡುವೆ ಎಳೆದ ಎರಡು ಗೆರೆಗಳೇ ಹಳಿ. ಅಕ್ಕಪಕ್ಕದ ಚೌಕಗಳಲ್ಲಿ ಅಂಕೆಗಳು. 1 ಅಂದರೆ ನಡೆದು ಹೋಗುವವನು, 2 ಕುದುರೆಗಾಡಿ, 3 ಮೋಟಾರು. ಕಪ್ಪು ಅಂಕೆ ಹಳಿಯ ಜೊತೆಜೊತೆಗೇ ಸಾಗುತ್ತದೆ, ಕೆಂಪಂಕೆ ಹಳಿಗೆ ಅಡ್ಡ ಬರುತ್ತದೆ. ಹಿಡಿಕೆ ತಿರುಗಿಸುತ್ತ ರಟ್ಟಿನ ಮೇಲೆ ಕಿಂಡಿ ಸರಿದಂತೆ, ಅಪಾಯ ತರುವ ಕೆಂಪಂಕೆಗಳನ್ನಷ್ಟೇ ಚಾಲಕ ಗುರುತಿಸಬೇಕು. ಜಾಣ ಪರೀಕ್ಷೆಯೇ ಸರಿ. ಆದರೆ ದಿನಕ್ಕೆ ಎಷ್ಟು ತಾಸು ಆ ಚಾಲಕನನ್ನು ದುಡಿಸುತ್ತಿದ್ದರು ಎಂಬುದನ್ನು ಅದು ಅಳೆಯಲಿಲ್ಲ. ಅಲ್ಲಿಂದೀಚೆಗೂ ಕಂಪನಿಗಳು ತಾವು ಸರಿಪಡಿಸಬೇಕಾದದ್ದನ್ನು ತರಬೇತಿಯ ಹೆಸರಿನಲ್ಲಿ ಚಾಲಕನ ಹೆಗಲಿಗೆ ದಾಟಿಸುತ್ತಲೇ ಬಂದಿವೆ ಎಂಬುದು ನನ್ನ ವಾದ.

ಲಂಡನ್ನಿನ ಕಥೆ ಇನ್ನಷ್ಟು ಸ್ಪಷ್ಟ. ಮೊದಲ ಮಹಾಯುದ್ಧದಲ್ಲಿ ಜೆಪೆಲಿನ್ ದಾಳಿಗೆ ಹೆದರಿ ಬೀದಿದೀಪಗಳನ್ನು ಮಬ್ಬಾಗಿಸಿದಾಗ ಅಪಘಾತಗಳು ಹೆಚ್ಚಿದವು. 1916ರ ಡಿಸೆಂಬರ್ 1ರಂದು ಕ್ಯಾಕ್ಸ್‌ಟನ್ ಹಾಲಿನಲ್ಲಿ ಸಭೆ ಸೇರಿ ಲಂಡನ್ 'ಸೇಫ್ಟಿ ಫಸ್ಟ್' ಕೌನ್ಸಿಲ್ ಕಟ್ಟಲಾಯಿತು. ಅದರ ಮುಂದಾಳು ಎಚ್.ಇ. ಬ್ಲೇನ್, ನಗರದ ಬಸ್ಸು ಮತ್ತು ನೆಲದಡಿ ರೈಲು ನಡೆಸುತ್ತಿದ್ದ ಕಂಪನಿಗಳ ದೊಡ್ಡ ಅಧಿಕಾರಿ. ಅಪಘಾತವಿಲ್ಲದೆ ದುಡಿದ ಚಾಲಕರಿಗೆ ಪ್ರಮಾಣಪತ್ರ, ಪದಕ ಕೊಡುವ ಪದ್ಧತಿ ಬೆಳೆದದ್ದು ಈ ಚಳವಳಿಯಲ್ಲೇ. ಮುಂದೆ ಚಿಸ್ವಿಕ್ಕಿನ ತರಬೇತಿ ಅಂಗಳದಲ್ಲಿ ನೆಲ ತೋಯಿಸಿ, ಡಬ್ಬಲ್ ಡೆಕರ್ ಬಸ್ಸನ್ನು ಬೇಕೆಂದೇ ಜಾರಿಸಿ, ಮತ್ತೆ ಹತೋಟಿಗೆ ತರುವುದನ್ನು ಹೇಳಿಕೊಡುತ್ತಿದ್ದರು. ಬ್ರಿಟನ್ನಿನ ಸಾಮಾನ್ಯ ಜನರಿಗೆ ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ ಎಂಬುದನ್ನು ನೆನೆದರೆ, ಬಸ್ ಕಂಪನಿಗಳು ಸರ್ಕಾರಕ್ಕಿಂತ ಮುಂದಿದ್ದವೆಂದು ಒಪ್ಪಲೇಬೇಕು. ಆದರೆ ಚಾಲಕ ಒಂದೇ ಸಮನೆ ಐದೂವರೆ ಗಂಟೆಗಿಂತ ಹೆಚ್ಚು, 24 ಗಂಟೆಗಳಲ್ಲಿ ಒಟ್ಟು 11 ಗಂಟೆಗಿಂತ ಹೆಚ್ಚು ಗಾಡಿ ಓಡಿಸಕೂಡದೆಂಬ ಕಟ್ಟಳೆ ಬಂದದ್ದು 1930ರ ರಸ್ತೆ ಸಂಚಾರ ಕಾಯಿದೆಯಿಂದ. ಪದಕ ಕೊಡಲು ಕಾನೂನು ಬೇಕಿರಲಿಲ್ಲ, ಡ್ಯೂಟಿ ಇಳಿಸಲು ಬೇಕಾಯಿತು.

ಹಾಗಾದರೆ ತರಬೇತಿಯೇ ಬೇಡವೇ ಎಂದು ಯಾರಾದರೂ ಕೇಳಬಹುದು. ಹೊಸಬನಿಗೆ ಘಾಟಿಯಲ್ಲಿ ಯಾವ ಗೇರಿನಲ್ಲಿ ಇಳಿಯಬೇಕು, ತುಂಬಿದ ಬಸ್ಸಿಗೆ ಎಷ್ಟು ಮುಂಚೆ ಬ್ರೇಕ್ ಹಾಕಬೇಕು ಎಂದು ಕಲಿಸದೆ ಬೀದಿಗೆ ಬಿಡುವುದು ಅಪರಾಧ. ಪೆಟ್ರೋಲ್, ಗ್ಯಾಸ್, ಆಸಿಡ್ ಸಾಗಿಸುವ ಟ್ಯಾಂಕರ್ ಚಾಲಕರಿಗೆ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ವಿಶೇಷ ತರಬೇತಿ ವಿಧಿಸಿರುವುದೂ ಸರಿಯೇ. ನನ್ನ ತಕರಾರಿರುವುದು ಲೈಸೆನ್ಸಾಗಿ, ಹತ್ತಾರು ವರ್ಷ ಓಡಿಸಿದವರನ್ನು ಅಪಘಾತವಾದ ಮೇಲೆ ಮತ್ತೆ ಬೆಂಚಿನ ಮೇಲೆ ಕೂರಿಸುವ ಬಗ್ಗೆ. ಇಂಥ ತರಬೇತಿಯ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆ 2003ರಲ್ಲಿ, ಇದರಿಂದ ಅಪಘಾತವಾಗಲಿ ಗಾಯವಾಗಲಿ ಕಡಿಮೆಯಾಗುತ್ತದೆಂಬುದಕ್ಕೆ ಪುರಾವೆ ಸಿಗಲಿಲ್ಲವೆಂದಿತು. ಜಾರುವ ರಸ್ತೆಯ ತರಬೇತಿ ಕಡ್ಡಾಯ ಮಾಡಿದ ನಾರ್ವೆಯಲ್ಲಿ ಎಳೆಯ ಗಂಡಸರ ಅಪಘಾತಗಳು ಇಳಿಯುವ ಬದಲು ಏರಿದ್ದು ಕಂಡಿತು. ನಿಭಾಯಿಸಲು ಬರುತ್ತದೆಂಬ ಧೈರ್ಯ ವೇಗವನ್ನೂ ತಂದಿತೆಂಬುದು ಸಂಶೋಧಕರ ವಿವರಣೆ.

ಇದಕ್ಕೆ ಎದುರಾಗಿ ಸ್ವೀಡನ್ನಿನ ದೂರವಾಣಿ ಸಂಸ್ಥೆ ಟೆಲಿವೆರ್ಕೆಟ್‌ನ ಪ್ರಯೋಗವಿದೆ. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಲಾ ಸುಮಾರು 900 ಚಾಲಕರ ಐದು ಗುಂಪುಗಳಿದ್ದವು. ಒಂದಕ್ಕೆ ಚಾಲನಾ ತರಬೇತಿ, ಒಂದಕ್ಕೆ ಪ್ರಚಾರ, ಒಂದಕ್ಕೆ ಬೋನಸ್ಸು. ಇನ್ನೊಂದು ಗುಂಪಿನವರನ್ನು ಒಟ್ಟಿಗೆ ಕೂರಿಸಿ, ನಿಮ್ಮ ಕೆಲಸದಲ್ಲಿ ಅಪಾಯ ಎಲ್ಲಿದೆ, ಏನು ಮಾಡಬಹುದು ಎಂದು ಅವರನ್ನೇ ಕೇಳಿದರು. ಐದನೆಯದು ಹೋಲಿಕೆಗಾಗಿ, ಹಾಗೇ ಬಿಟ್ಟದ್ದು. ಎಲ್ಲಕ್ಕಿಂತ ಒಳ್ಳೆಯ ಫಲ ಬಂದದ್ದು ಮಾತಾಡಿದವರಲ್ಲಿ. ತರಬೇತಿಯೂ ಅಲ್ಲಿ ಸ್ವಲ್ಪ ಕೆಲಸ ಮಾಡಿತೆಂಬುದನ್ನು ಮುಚ್ಚಿಡಬೇಕಿಲ್ಲ. ಒಂದೇ ಕಂಪನಿಯ ಪ್ರಯೋಗದ ಮೇಲೆ ಇಷ್ಟು ಭಾರ ಹಾಕಬಾರದೆಂಬ ಆಕ್ಷೇಪಕ್ಕೂ ಬಲವಿದೆ. ಆದರೂ ಚಾಲಕನಿಗೆ ಬಾಯಿ ಕೊಟ್ಟರೆ ಅವನು ಮೊದಲು ಆಡುವ ಮಾತು ಡ್ಯೂಟಿಯದು, ಟೈಮಿನದು, ಗಾಡಿಯ ಸ್ಥಿತಿಯದು. ಇವು ಮೂರೂ ಅವನ ಕೈಯಲ್ಲಿಲ್ಲ.

ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳಿಂದ ಶುರುವಾಯಿತು. ಅದರ ಮೊಮ್ಮಕ್ಕಳಾದ ಇಂದಿನ ನಿಗಮಗಳಲ್ಲಿ ಐದು ವರ್ಷ ಅಪಘಾತವಿಲ್ಲದೆ ಓಡಿಸಿದವರಿಗೆ ಬೆಳ್ಳಿ ಪದಕ, ಹದಿನೈದು ವರ್ಷಕ್ಕೆ ಚಿನ್ನದ ಪದಕ. ಲಂಡನ್ನಿನ ಆ ಹಳೆಯ ಪದ್ಧತಿ ಇಲ್ಲಿ ಇನ್ನೂ ಜೀವಂತ. ಪದಕ ತೊಟ್ಟವರ ಹೆಮ್ಮೆ ಸುಳ್ಳಲ್ಲ. ಆದರೆ ಸಂಜೆ ಹಳ್ಳಿ ಸೇರಿದ ನೈಟ್ ಹಾಲ್ಟ್ ಬಸ್ಸಿನ ಸೀಟಿನ ಮೇಲೆ ಸೊಳ್ಳೆಗಳ ನಡುವೆ ಮಲಗಿ, ನಸುಕಿಗೇ ಎದ್ದು ಮೊದಲ ಟ್ರಿಪ್ ತೆಗೆಯುವವನ ನಿದ್ದೆಯನ್ನು ಯಾವ ಪದಕವೂ ಕೊಡಲಾರದು. ಕಾನೂನಿಗೇನೂ ಕೊರತೆಯಿರಲಿಲ್ಲ: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಐದು ಗಂಟೆ ದುಡಿದವನಿಗೆ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತು, ದೂರದ ಮಾರ್ಗಗಳಿಗೆ ಮಾತ್ರ ಕೊಂಚ ಸಡಿಲಿಕೆ. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗಷ್ಟೇ ಅನ್ವಯವಾಗುತ್ತಿತ್ತು. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕನ ಡ್ರೈವರು ಅದರ ಹೊರಗೇ ಉಳಿದ.

ತಪ್ಪು ಚಾಲಕನದೇ ಎಂದು ಎಫ್‌ಐಆರ್ ಹೇಳುತ್ತದಲ್ಲ ಎನ್ನುವವರಿದ್ದಾರೆ. ಹೇಳುತ್ತದೆ, ಏಕೆಂದರೆ ಸ್ಟಿಯರಿಂಗ್ ಹಿಡಿದವನು ಸ್ಥಳದಲ್ಲೇ ಸಿಗುತ್ತಾನೆ. ಹಿಂದಿನ ರಾತ್ರಿ ಡಬ್ಬಲ್ ಡ್ಯೂಟಿ ಹಾಕಿದವನ ಹೆಸರು ಬರೆಯಲು ಆ ಹಾಳೆಯಲ್ಲಿ ಕಾಲಂ ಇಲ್ಲ. ಕುಡಿದು ಓಡಿಸಿದವನಿಗೂ ಮೊಬೈಲ್ ಹಿಡಿದು ಓಡಿಸಿದವನಿಗೂ ಶಿಕ್ಷೆಯಾಗಲಿ. ಉಳಿದವರನ್ನು ತರಬೇತಿಗೆ ಕಳಿಸುವ ಮೊದಲು, ಅವರ ಹಿಂದಿನ ಮೂರು ತಿಂಗಳ ಡ್ಯೂಟಿ ಚಾರ್ಟು ಮತ್ತು ಗಾಡಿಯ ರಿಪೇರಿ ಪುಸ್ತಕವನ್ನು ಡಿಪೋ ಮ್ಯಾನೇಜರು, ಕಂಪನಿಯ ಸಾರಿಗೆ ಅಧಿಕಾರಿಗಳು ಮೇಜಿನ ಮೇಲಿಟ್ಟು ನೋಡಲಿ, ಮತ್ತು ಆ ತರಗತಿಯಲ್ಲಿ ತಾವೂ ಕೂರಲಿ.