ಗೆರೆಯಿಂದ ಆರಂಭ

ಆತಗೂರಿನ ನನ್ನ ಹಳೆಯ ಶಿಷ್ಯರೊಬ್ಬರು ಸಂದರ್ಶನವೊಂದರಲ್ಲಿ ‘ದಿ ಎಕ್ಸಾಮ್ ಬಿಗಿನ್ಸ್ ಫ್ರಮ್ ಮಂಡೇ’ ಎಂದುದಕ್ಕೆ ಎದುರಿಗಿದ್ದವರು ನಕ್ಕರೆಂದು ನೊಂದು ಬರೆದಿದ್ದಾರೆ. ತಿದ್ದಿಕೊಳ್ಳುವಂಥದ್ದು ಅದರಲ್ಲಿದೆ, ನಗುವಂಥದ್ದು ಏನೂ ಇಲ್ಲ. ನಾವು ‘ಸೋಮವಾರದಿಂದ ಪರೀಕ್ಷೆ ಆರಂಭ’ ಎನ್ನುವವರು. ನಮ್ಮ ‘ಇಂದ’ ಪ್ರತ್ಯಯವೇ ಇಂಗ್ಲಿಷಿಗೆ ಹೋಗಿ ‘ಫ್ರಮ್’ ಆಗಿ ಕುಳಿತುಕೊಳ್ಳುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ತಾಯ್ನುಡಿಯ ಹೆಜ್ಜೆಗುರುತು. ಆರಂಭವನ್ನು ಹೇಳುವಾಗ ಇಂಗ್ಲಿಷಿನವರು ದಿನಕ್ಕೆ ‘ಆನ್’, ಗಂಟೆಗೆ ‘ಅಟ್’, ತಿಂಗಳಿಗೂ ವರ್ಷಕ್ಕೂ ‘ಇನ್’ ಬಳಸುತ್ತಾರೆ. ‘ಫ್ರಮ್ ಮಂಡೇ ಟು ಫ್ರೈಡೇ’ ಎಂದು ಅವಧಿಯನ್ನು ಹೇಳುವಾಗ ‘ಫ್ರಮ್’ ಸಲ್ಲುತ್ತದೆ.

‘ಫ್ರಮ್’ ನಿಜವಾಗಿ ಶೋಭಿಸುವ ನುಡಿಗಟ್ಟು ‘ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್’. ಸ್ಕ್ರ್ಯಾಚ್ ಎಂದರೆ ಇಲ್ಲಿ ನೆಲದ ಮೇಲೆ ಗೀರಿದ ಗೆರೆ. ಹಿಂದಿನ ಇಂಗ್ಲೆಂಡಿನ ಓಟದ ಪಂದ್ಯಗಳಲ್ಲಿ ದುರ್ಬಲರಿಗೆ ಗೆರೆಗಿಂತ ತುಸು ಮುಂದೆ ನಿಲ್ಲುವ ರಿಯಾಯಿತಿ ಇರುತ್ತಿತ್ತು. ಅದಿಲ್ಲದವನು ಗೆರೆಯಿಂದಲೇ ಓಡಬೇಕು. ಕೈಯಲ್ಲಿ ಏನೂ ಇಲ್ಲದೆ ತೊಡಗುವುದು ಎಂಬ ಅರ್ಥ ಬಂದದ್ದು ಹೀಗೆ. ನಮ್ಮವರು ಅನೇಕರು ‘ಫ್ರಮ್ ದಿ ಸ್ಕ್ರ್ಯಾಚ್’ ಎನ್ನುತ್ತಾರೆ. ಆ ‘ದಿ’ ಬೇಡ. ಇದ್ದ ಮನೆಗೆ ಸುಣ್ಣ ಬಳಿದವನು ಈ ಮಾತನ್ನು ಆಡುವಂತೆಯೂ ಇಲ್ಲ. ‘ಬ್ರೇಕ್ ದಿ ಐಸ್’ ಎಂಬುದರ ಹಿಂದೆ ದೋಣಿಗೆ ದಾರಿಯಾಗಲೆಂದು ಮಂಜುಗಡ್ಡೆ ಒಡೆಯುವ ಚಿತ್ರವಿದೆ. ಅಪರಿಚಿತರ ನಡುವಿನ ಬಿಗುವು ಸಡಿಲಿಸುವ ಮೊದಲ ಮಾತಿಗೆ ಅದು ಸಲ್ಲುತ್ತದೆ, ಗುದ್ದಲಿ ಪೂಜೆಗಲ್ಲ.

ಹಿಮ ಕಾಣದ ನಮ್ಮ ಸೀಮೆಗೂ ಆರಂಭದ ನುಡಿಗಳು ಬೇಕಾದಷ್ಟಿವೆ. ಆತಕೂರು ಶಾಸನವನ್ನೇ ನೋಡಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಗೆದ್ದ 949ರ ತಕ್ಕೋಲದ ಯುದ್ಧವನ್ನು ಹೇಳುವ ಕಲ್ಲು ಅದು. ಹಂದಿಯೊಡನೆ ಹೋರಾಡಿ ಮಡಿದ ಮಣಲೇರನ ನಾಯಿ ಕಾಳಿಗೆ ಸ್ಮಾರಕವೂ ಹೌದು. (ಇಂಥ ಕಲ್ಲು ಊರಲ್ಲಿರದೆ ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿದ ಬೇಸರ ನನಗಿದೆ.) ಅದರ ಆರಂಭದಲ್ಲಿರುವುದು ‘ಸ್ವಸ್ತಿ’, ಒಳ್ಳೆಯದಾಗಲಿ ಎಂಬ ಹಾರೈಕೆ. ಕಾಗದದ ತಲೆಗೆ ಶ್ರೀಕಾರ ಹಾಕುವುದು ಆ ಕುಲದ್ದೇ. ನಾಟಕದ ಮೊದಲಿಗೆ ಬರುವ ನಾಂದಿಯೂ ಮಂಗಳಕರವಾದುದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ್ದು ಹೊಸ ಹುಮ್ಮಸ್ಸಿಗೆ ನಾಂದಿಯಾಯಿತೆಂದರೆ ಮಾತು ಒಪ್ಪುತ್ತದೆ. ‘ಜಗಳಕ್ಕೆ ನಾಂದಿ ಹಾಡಿದರು’ ಎಂದು ಬರೆಯುವವರನ್ನು ಕಂಡು ಯಾವ ಸಂದರ್ಶನದಲ್ಲಿಯೂ ಯಾರೂ ನಗುವುದಿಲ್ಲ.