ಹೇಳದೆ ಉಳಿದ ಕತೆ

ಸಿರುಗುಪ್ಪದ ನಮ್ಮ ಓಣಿಯಲ್ಲಿ ಕನ್ನಡದವರ ಮಕ್ಕಳು ತಾಯಿಯನ್ನು ‘ಅವ್ವ’ ಎನ್ನುತ್ತಿದ್ದರು. ನಮ್ಮ ತೆಲುಗು ಮನೆಯಲ್ಲಿ ‘ಅವ್ವ’ ಎಂದರೆ ಅಜ್ಜಿ. ಗೆಳತಿ ‘ಅವ್ವ ಹೊಡೆದಳು’ ಎಂದು ಅತ್ತರೆ ನಾನು ಅವಳ ಅಜ್ಜಿಯ ಮೇಲೆ ಸಿಟ್ಟಾಗುತ್ತಿದ್ದೆ. ಮದರಾಸು ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅಡಿಗೆಮನೆಯಲ್ಲಿ ಮಾತ್ರ ಎರಡು ಭಾಷೆಗಳೂ ಹಾಗೆಯೇ ಉಳಿದವು. ಬಳ್ಳಾರಿಗೆ ಹೈಸ್ಕೂಲಿಗೆ ಬಂದ ಮೇಲೆ ನನಗೆ ಆ ಬೆರಕೆ ಮಾತೆಂದರೆ ನಾಚಿಕೆಯಾಗತೊಡಗಿತು.

ಆ ನಾಚಿಕೆ ಬಿಡಿಸಿದ್ದು, ಬಹಳ ತಡವಾಗಿ, ಕವಿ ಎ.ಕೆ. ರಾಮಾನುಜನ್ನರ ಬದುಕು. 1929ರಲ್ಲಿ ಮೈಸೂರಿನ ಅಯ್ಯಂಗಾರ್ ಮನೆಯಲ್ಲಿ ಹುಟ್ಟಿದವರು ಅವರು. ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯ ಇಂಗ್ಲಿಷು, ಕೆಳಗೆ ತಾಯಿಯ ತಮಿಳು, ಬಾಗಿಲು ದಾಟಿದರೆ ಬೀದಿಯ ಕನ್ನಡ. ಮೂರನ್ನೂ ಅವರು ಕೊನೆಯವರೆಗೆ ಉಳಿಸಿಕೊಂಡರು. 1959ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಅಲ್ಲೇ ನೆಲೆಸಿದರು. 1966ರಲ್ಲಿ ಇಂಗ್ಲಿಷಿನ ‘ದಿ ಸ್ಟ್ರೈಡರ್ಸ್’ ಬಂತು; ಮೂರು ವರ್ಷಕ್ಕೆ ಕನ್ನಡದ ‘ಹೊಕ್ಕುಳಲ್ಲಿ ಹೂವಿಲ್ಲ’. 1973ರ ‘ಸ್ಪೀಕಿಂಗ್ ಆಫ್ ಶಿವ’ದಿಂದ ಬಸವಣ್ಣ, ಅಕ್ಕಮಹಾದೇವಿಯರ ವಚನಗಳು ಹೊರದೇಶದ ಓದುಗರನ್ನು ತಲುಪಿದವು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಅಮೆರಿಕದ ಮ್ಯಾಕ್‌ಆರ್ಥರ್ ಗೌರವ ಸಂದವು. 1993ರ ಜುಲೈಯಲ್ಲಿ ಷಿಕಾಗೋದಲ್ಲೇ ತೀರಿಕೊಂಡರು.

ಇಷ್ಟು ದೊಡ್ಡ ವಿದ್ವಾಂಸರು ಜೀವಮಾನವಿಡೀ ಕೂಡಿಟ್ಟದ್ದು ಹೆಂಗಸರು ಮಕ್ಕಳಿಗೆ ಅನ್ನ ಕಲೆಸುತ್ತಾ ಹೇಳುವ ಕತೆಗಳನ್ನು. ಐವತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದಾಗಲೇ ಈ ಗೀಳು ಹತ್ತಿತ್ತು. ಗಿರೀಶ ಕಾರ್ನಾಡರ ‘ನಾಗಮಂಡಲ’ ಹುಟ್ಟಿದ್ದೂ ಅವರು ಹೇಳಿದ ಕತೆಗಳಿಂದಲೇ. ಅವುಗಳಲ್ಲೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಹೊರಬಿದ್ದು, ಸೇಡು ತೀರಿಸಿಕೊಳ್ಳಲು ಒಂದು ಗಂಡಸಿನ ಜೋಡು, ಇನ್ನೊಂದು ಕೋಟು ಆಗಿ ಕೂತವು. ಮನೆಗೆ ಬಂದ ಗಂಡನಿಗೆ ಅನುಮಾನ. ಜಗಳವಾಡಿ ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ಮನೆಗಳಲ್ಲಿ ಆರಿದ ದೀಪಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟುತ್ತವಂತೆ. ತಡವಾಗಿ ಬಂದ ಅವನ ಮನೆಯ ದೀಪ ನಡೆದದ್ದನ್ನೆಲ್ಲ ಹೇಳಿತು. ಅವನು ಮನೆಗೆ ಮರಳಿ, ಆ ಕತೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅಷ್ಟರಲ್ಲಿ ಅವಳು ಎರಡನ್ನೂ ಮರೆತಿದ್ದಳು.

ಕುರುಗೋಡಿನ ನಮ್ಮ ಅವ್ವ ಕತೆ ಹೇಳದೆ ಇದ್ದವಳಲ್ಲ. ದೊಡ್ಡ ಬಸವೇಶ್ವರನ ಜಾತ್ರೆಗೆ ಹೋದಾಗಲೆಲ್ಲ ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ತೆಲುಗಿನಲ್ಲಿ ಆರಂಭಿಸಿ ಕನ್ನಡದ ಹಾಡಿನಲ್ಲಿ ಮುಗಿಸುತ್ತಿದ್ದಳು. “ಸುಮ್ನಿರು ಅವ್ವಾ, ನಿಂಗೆ ಒಂದ್ ಭಾಷೆನೂ ನೆಟ್ಟಗೆ ಬರಲ್ಲ” ಎಂದಿದ್ದೆ ಒಮ್ಮೆ, ಹೈಸ್ಕೂಲಿನ ಜಂಬದಲ್ಲಿ. ಅವಳು ನಕ್ಕು ದೀಪ ಸಣ್ಣ ಮಾಡಿದಳು. ಮತ್ತೆ ಕತೆ ಹೇಳಲಿಲ್ಲ.

ಮೊನ್ನೆ ಮೊಮ್ಮಗಳು ನಿನ್ನ ಅಜ್ಜಿಯ ಕತೆ ಹೇಳು ಎಂದಳು. ಒಬ್ಬಳು ಸೊಸೆ, ಒಂದು ಬಾವಿ ನೆನಪಾದವು. ಮುಂದೇನಾಯಿತೋ ಬರಲಿಲ್ಲ. ನೆನಪಿರುವ ಅಷ್ಟನ್ನೇ, ಅವ್ವನ ಬೆರಕೆ ಮಾತಿನಲ್ಲೇ, ಅವಳಿಗೆ ಹೇಳಿದೆ.