ನಲ್ಲಿ ಮೊದಲೋ, ಚರಂಡಿ ಮೊದಲೋ?

ಒಂದು ಗಳಿಗೆ ತಾವು ಬೆಂಗಳೂರು ಪೇಟೆಯ ಪುರಸಭೆಯ ಸದಸ್ಯರೆಂದು ಭಾವಿಸಿಕೊಳ್ಳಿ. ಕಾಲ, 1890ರ ಆಸುಪಾಸು. ಬೊಕ್ಕಸದಲ್ಲಿರುವ ಹಣ ಅಷ್ಟಕ್ಕಷ್ಟೆ. ಬೆಳಗಾದರೆ ತಮ್ಮ ಬೀದಿಯವರು ಬಂದು ಜಗಲಿಯ ಮೇಲೆ ಕೂರುತ್ತಾರೆ. ಒಬ್ಬರಿಗೆ ದೀಪ ಬೇಕು, ಇನ್ನೊಬ್ಬರಿಗೆ ರಸ್ತೆ ಬೇಕು, ಎಲ್ಲರಿಗೂ ನೀರು ಬೇಕು. ಮೋರಿ ಬೇಕೆಂದು ಕೇಳಿಕೊಂಡು ಬರುವವರು ವಿರಳ. ಬಂದರೂ, ನೆರೆಮನೆಯ ಮೋರಿ ತಮ್ಮ ಬಾಗಿಲ ಮುಂದೆ ಹರಿಯದಂತೆ ಮಾಡಿಕೊಡಿರೆಂದು ಕೇಳಲು ಬಂದಿರುತ್ತಾರೆ. ಈ ಪೈಕಿ ಯಾವುದಕ್ಕೆ ಮೊದಲು ಕೈಹಾಕುತ್ತೀರಿ?

ಈ ಪ್ರಶ್ನೆ ನಮ್ಮ ಊರಿನಲ್ಲಿ ಪುರಸಭೆಯಷ್ಟೇ ಹಳೆಯದು. 1850ರ ಪಟ್ಟಣ ಸುಧಾರಣೆಯ ಕಾನೂನನ್ನು ಆಧರಿಸಿ, 1862ರಲ್ಲಿ ಪೇಟೆಯ ಒಂಬತ್ತು ಮಂದಿ ಗಣ್ಯರು ಸೇರಿದ ಒಂದು ಮಂಡಲಿ ಏರ್ಪಟ್ಟಿತು. ಮರುವರ್ಷ ದಂಡಿಗೂ ಅಂಥದೇ ಒಂದು ಮಂಡಲಿಯಾಯಿತು. 1881ರಲ್ಲಿ ಸಂಸ್ಥಾನವು ಅರಸರಿಗೆ ಮರಳಿ ಬಂದಾಗ ದಂಡು ಪ್ರದೇಶ ಮಾತ್ರ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಒಂದೇ ಊರಿಗೆ ಎರಡು ಪುರಸಭೆ. ಇಳಿಜಾರಿನಲ್ಲಿ ಹರಿಯುವ ನೀರಿಗೆ ಮಾತ್ರ ಈ ಗಡಿಯ ಅರಿವಿರಲಿಲ್ಲ.

ಪೇಟೆಯ ಜನ ಆಗ ಕುಡಿಯುತ್ತಿದ್ದುದು ಬಾವಿಯ ನೀರು, ಧರ್ಮಾಂಬುಧಿ ಮೊದಲಾದ ಕೆರೆಗಳ ನೀರು. 1876ರಿಂದ 78ರವರೆಗಿನ ಮಹಾ ಬರಗಾಲವನ್ನು ಕಂಡವರಿಗೆ, ಕೆರೆ ಬತ್ತಿದರೆ ಊರೂ ಬತ್ತುತ್ತದೆಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ. ಆದುದರಿಂದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಅರ್ಕಾವತಿಯ ಕಡೆಗೆ ಕಣ್ಣು ಹಾಯಿಸಿತು. 1894ರಲ್ಲಿ ಹೆಸರಘಟ್ಟದ ಕೆರೆಯಿಂದ, ಊರಿಗೆ ಹತ್ತು ಹನ್ನೆರಡು ಮೈಲಿ ದೂರದಿಂದ, ನೀರು ಬಂದಿತು. ದಾರಿಯಲ್ಲಿ ಸೋಲದೇವನಹಳ್ಳಿಯ ಉಗಿಯಂತ್ರಗಳು ಆ ನೀರನ್ನು ಮೇಲಕ್ಕೆ ತಳ್ಳುತ್ತಿದ್ದವು. ಬೀದಿಯ ನಲ್ಲಿಯನ್ನು ತಿರುಗಿಸಿದರೆ ನೀರು! ಆ ದಿನದ ಸದಸ್ಯರು ಎಷ್ಟು ಬೀಗಿದ್ದಾರೆಂಬುದನ್ನು ಊಹಿಸಿಕೊಳ್ಳಬಹುದು. ನಾನಾದರೂ ಬೀಗುತ್ತಿದ್ದೆ.

ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಬಾವಿಯಿಂದ ಸೇದಿ ತಂದ ನೀರನ್ನು ಯಾರೂ ಚೆಲ್ಲಾಡುವುದಿಲ್ಲ. ರಟ್ಟೆಯ ನೋವೇ ಅದಕ್ಕೆ ಕಾವಲು. ತಾನಾಗಿ ಬರುವ ನೀರಿಗೆ ಆ ಕಾವಲಿಲ್ಲ. ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳಕಾಗಿ ಹೊರಕ್ಕೆ ಹೋಗುತ್ತದೆಂದು ಎಂಜಿನಿಯರುಗಳು ಇಂದಿಗೂ ಲೆಕ್ಕ ಹಾಕುತ್ತಾರೆ. ನೀರು ಒಳಕ್ಕೆ ಬರುವ ದಾರಿ 1894ರಲ್ಲಿ ಆಯಿತು. ಅದು ಹೊರಕ್ಕೆ ಹೋಗುವ ಒಳಚರಂಡಿಯ ಕೆಲಸ ಊರಿನಲ್ಲಿ ಮೊದಲಾದದ್ದು 1922ರಲ್ಲಿ. ಇಡೀ ನಗರಕ್ಕೆ ಯೋಜನೆ ಹಾಕಿ ಆ ಕೆಲಸವನ್ನು ಕೈಗೆತ್ತಿಕೊಳ್ಳುವ ಮಾತು ಬಂದದ್ದು 1950ರ ಸುಮಾರಿಗೆ. ನಡುವಿನ ವರ್ಷಗಳಲ್ಲಿ ಕೊಳಕು ನೀರು ಬೀದಿಯ ಬದಿಯ ತೆರೆದ ಮೋರಿಯಲ್ಲಿ ಹರಿಯಿತು. ಕಕ್ಕಸಿನ ಮಲ ಮನುಷ್ಯರ ತಲೆಯ ಮೇಲೆ ಹೋಯಿತು.

1898ರ ಆಗಸ್ಟಿನಲ್ಲಿ ಪ್ಲೇಗು ಬಂದಿತು. 1891ರಲ್ಲಿ ಪೇಟೆ ದಂಡುಗಳೆರಡೂ ಸೇರಿ ಸುಮಾರು 1,80,000 ಇದ್ದ ಜನಸಂಖ್ಯೆ 1901ರ ಗಣತಿಯಲ್ಲಿ 1,59,000ಕ್ಕೆ ಇಳಿಯಿತು. ಸತ್ತವರು ಕೆಲವರು, ಊರು ಬಿಟ್ಟವರು ಹಲವರು. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಇದನ್ನು ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ತೋರಿಸಿಕೊಟ್ಟರೂ ಲೋಕ ಒಪ್ಪುವುದಕ್ಕೆ ವರ್ಷಗಳೇ ಹಿಡಿದವು. ಕೊಳಕಿನ ಗಾಳಿಯೇ ಕಾರಣವೆಂದು ನಂಬಿದವರು ಆಗ ಬಹಳ ಮಂದಿ. ನಂಬಿಕೆ ತಪ್ಪಾದರೂ ಫಲ ಪೂರ್ತಿ ಕೆಟ್ಟದ್ದಾಗಲಿಲ್ಲ. ಅದಕ್ಕೆ ಮೊದಲೇ ಗೊತ್ತುಮಾಡಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗಬೇಗ ಎದ್ದವು. ಅಗಲವಾದ ರಸ್ತೆ, ಗಾಳಿ ಬೆಳಕು ಬರುವ ಮನೆ.

ಆ ಬಡಾವಣೆಗಳ ಹಳೆಯ ಬೀದಿಗಳಲ್ಲಿ ತಾವು ಅಡ್ಡಾಡಿದ್ದರೆ, ಮನೆಗಳ ಹಿಂಭಾಗದಲ್ಲಿ ಕಿರಿದಾದ ಓಣಿಗಳನ್ನು ಗಮನಿಸಿರಬಹುದು. ಈಚೆಗೆ ಅಲ್ಲಿ ಗಿಡ ನೆಟ್ಟವರುಂಟು, ಸ್ಕೂಟರು ನಿಲ್ಲಿಸುವವರುಂಟು. ಅವನ್ನು ಬಿಟ್ಟದ್ದು ಗಿಡಕ್ಕಾಗಿ ಅಲ್ಲ. ಮಲ ಹೊರುವವರು ಮುಂಬಾಗಿಲಿನ ಕಣ್ಣಿಗೆ ಬೀಳದೆ ಬಂದುಹೋಗುವುದಕ್ಕಾಗಿ. ನಕ್ಷೆ ಬರೆದವರು ಜಾಣರು, ಪುರಸಭೆಯವರೂ ಸಜ್ಜನರೇ ಇದ್ದಿರಬೇಕು. ಆ ಹೊರೆಯನ್ನು ಇಳಿಸುವುದು ಹೇಗೆಂದು ಕೇಳುವುದರ ಬದಲು, ಹೊತ್ತವರು ಯಾವ ದಾರಿಯಲ್ಲಿ ಹೋಗಬೇಕೆಂದು ಕೇಳಿದರು. ಹೊರುವವರಲ್ಲಿ ಯಾರೂ ಆ ಸಭೆಯಲ್ಲಿ ಕುಳಿತಿರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ನನ್ನ ಎಣಿಕೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರಿಸುವುದನ್ನು ರಾಜ್ಯದಲ್ಲಿ ನಿಲ್ಲಿಸಿದರು. ಆ ಜನರ ನೋವನ್ನು ಒಳಗಿನಿಂದ ಬಲ್ಲವರೊಬ್ಬರು ಅಧಿಕಾರದ ಕುರ್ಚಿಯಲ್ಲಿ ಕುಳಿತಾಗ ಆದ ಕೆಲಸ ಅದು.

ನೀರಿನ ಕಥೆ ಮಾತ್ರ ಬಲು ವೇಗವಾಗಿ ಮುಂದಕ್ಕೆ ಓಡಿತು. ಹೆಸರಘಟ್ಟ 1925ರಲ್ಲಿ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂದಿತು. 1974ರಲ್ಲಿ ಕಾವೇರಿಯೇ ಬಂದಳು. ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರುಗಳಷ್ಟು ಎತ್ತರಕ್ಕೆ. ಪ್ರತಿಯೊಂದಕ್ಕೂ ಉದ್ಘಾಟನೆ, ಕಲ್ಲಿನ ಮೇಲೆ ಹೆಸರು. ಒಳಚರಂಡಿಗೆ ಹೂವಿನ ಹಾರ ಹಾಕಿದ್ದನ್ನು ತಾವು ಕಂಡಿದ್ದೀರಾ? ಬೆಂಗಳೂರು ದಿಬ್ಬದ ಮೇಲಿನ ಊರು. ಅದರ ಕೊಳಕೆಲ್ಲ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ಇಳಿಯುತ್ತದೆ. 2015ರಲ್ಲಿ, ಮತ್ತೆ 2017ರಲ್ಲಿ, ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದುದನ್ನು ಪತ್ರಿಕೆಗಳಲ್ಲಿ ನೋಡಿ ಬೆರಗಾದೆವು. 1894ರಿಂದ ಕೂಡಿಕೊಂಡು ಬಂದ ಬಾಕಿ ಅದು.

ಹಾಗಾದರೆ ಸದಸ್ಯರನ್ನೇ ದೂರೋಣವೇ? ಅವರ ಕೈಯಲ್ಲಿ ಏನು ಉಳಿಯಿತೆಂಬುದನ್ನೂ ನೋಡಬೇಕು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯಾಯಿತು. ಹೊಸ ಬಡಾವಣೆ ಮಾಡುವ ಕೆಲಸ ಅದರದಾಯಿತು. 1949ರಲ್ಲಿ ಪೇಟೆಯೂ ದಂಡೂ ಒಂದುಗೂಡಿ ಕಾರ್ಪೊರೇಷನ್ ಆದಾಗ, ಇನ್ನು ಒಂದೇ ಊರು, ಒಂದೇ ಸಭೆ ಎಂದು ಜನ ಹಿಗ್ಗಿದರು. ಹದಿನೈದು ವರ್ಷ ಕಳೆಯುವುದರೊಳಗೆ, 1964ರಲ್ಲಿ, ನೀರೂ ಒಳಚರಂಡಿಯೂ ಕಾರ್ಪೊರೇಷನ್ನಿನ ಕೈತಪ್ಪಿ ಪ್ರತ್ಯೇಕ ಮಂಡಲಿಗೆ ಸೇರಿದವು. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಪುರಸಭೆಗಳಿಗೆ ಒಪ್ಪಿಸಬಹುದಾದ ಹದಿನೆಂಟು ಬಾಬುಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಬರೆಯಿತು. ನೀರು ಅದರಲ್ಲಿದೆ, ನೈರ್ಮಲ್ಯವಿದೆ, ನಗರ ಯೋಜನೆಯೂ ಇದೆ. ಒಪ್ಪಿಸುವ ಮಾತು ಮಾತ್ರ ರಾಜ್ಯ ಸರ್ಕಾರದ ಮರ್ಜಿಗೆ ಬಿಟ್ಟದ್ದು. ಸದಸ್ಯರೇ ಇಲ್ಲದ ಕಾಲವೂ ಬಂದಿತು: 2020ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಸಭೆಯ ಅವಧಿ ಮುಗಿದ ಮೇಲೆ ಚುನಾವಣೆಯಿಲ್ಲದೆ ವರ್ಷಗಳು ಉರುಳಿ, 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆಯಲಾಯಿತು.

ಈಗ ತಾವು ಮತ್ತೆ ಆ ಸದಸ್ಯರ ಜಗಲಿಗೆ ಬನ್ನಿ. ಬೆಳಗಿನ ಆರು ಗಂಟೆ. ನೆರೆಬೀದಿಯ ಹೆಂಗಸೊಬ್ಬರು ಬಿಂದಿಗೆ ಹಿಡಿದುಕೊಂಡೇ ಬಂದಿದ್ದಾರೆ. "ನೋಡಿ ಸ್ವಾಮಿ, ನಲ್ಲಿಯಲ್ಲಿ ಮೋರಿಯ ವಾಸನೆ" ಎನ್ನುತ್ತಾರೆ. ಸದಸ್ಯರು ಮೂಸಿ ನೋಡುತ್ತಾರೆ; ನಿಜ. ನೆಲದೊಳಗೆ ಎಲ್ಲೋ ಎರಡು ಕೊಳವೆಗಳು ಒಡೆದು ಒಂದರ ನೀರು ಇನ್ನೊಂದಕ್ಕೆ ಸೇರಿದೆ. ಆ ಎರಡು ಕೊಳವೆಗಳಲ್ಲಿ ಒಂದೂ ಅವರ ಸಭೆಗೆ ಸೇರಿದ್ದಲ್ಲ. ಅವುಗಳ ಮೇಲಿರುವ ರಸ್ತೆ ಮಾತ್ರ ಸೇರಿದ್ದು. ಅದನ್ನು ಅಗೆಯಲು ಅನುಮತಿ ಕೊಡುತ್ತೇನೆ, ದಯವಿಟ್ಟು ಬನ್ನಿ ಎಂದು ಮಂಡಲಿಗೆ ಕಾಗದ ಬರೆಯಲು ಅವರು ಒಳಕ್ಕೆ ಹೋಗುತ್ತಾರೆ.